ಎರಡು ಸೀಸೆ ಔಷಧ

ಫ್ರೀಜರಿನ ಬೀಗ ಒಡೆದಿತ್ತು. ಅಣ್ಣ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡು ಸೀಸೆಗಳನ್ನು ಐಸ್ ತುಂಬಿದ ಡಬ್ಬಿಗೆ ಇಡುತ್ತಿದ್ದ.

"ಏನಣ್ಣ ಮಾಡ್ತಿದ್ದೀಯ?" ಲ್ಯಾಬಿನ ಬಾಗಿಲಲ್ಲಿ ನಿಂತ ತಂಗಿ ಕೇಳಿದಳು.

"ಕೂಗ್ಬೇಡ. ನಮ್ಮ ಕಂಪನಿ ಕೊಳ್ಳೋರಿಗೆ ಔಷಧ ಪರೀಕ್ಷೆ ಮಾಡ್ಬೇಕಂತೆ. ಮಧ್ಯಾಹ್ನದ ವಿಮಾನಕ್ಕೆ ಹೊರಟಿದ್ದೀನಿ."

ಜೀನಿನ ದೋಷ ಸರಿಪಡಿಸುವ ಆ ಔಷಧಕ್ಕೆ ಅವಳು ತನ್ನ ಯೌವನವನ್ನೇ ಸುರಿದಿದ್ದಳು. ವಿಶ್ವವಿದ್ಯಾಲಯದಲ್ಲಿ ಇಲಿಗಳನ್ನು ಬದುಕಿಸಿದ ಔಷಧ ಮನುಷ್ಯರನ್ನು ಮುಟ್ಟಬೇಕಾದರೆ ಕಂಪನಿಯೊಂದು ಬೇಕಿತ್ತು. ಮಾತಲ್ಲೇ ಮಹಲು ಕಟ್ಟುವ ಅಣ್ಣನನ್ನು ಅದನ್ನು ನಡೆಸಲು ತಾನೇ ಕರೆತಂದಿದ್ದಳು. ಈಗ ಉಳಿದದ್ದು ಈ ಎರಡೇ ಸೀಸೆ. ಎದುರಿನ ಆಸ್ಪತ್ರೆಯಲ್ಲಿ ಉಸಿರೆಳೆಯಲೂ ತ್ರಾಣವಿಲ್ಲದೆ ಮಲಗಿದ್ದ ಹುಡುಗಿಗೆ ನಾಳೆ ಕೊಡಬೇಕಾದದ್ದು.

"ಇನ್ನೊಂದು ಸಲ ಮಾಡಿದ್ರಾಯ್ತು ಬಿಡು."

"ಆರು ತಿಂಗಳು ಬೇಕು. ಅಲ್ಲೀತನಕ ಆ ಮಗು ಇರಲ್ಲ. ಇದೇನಿದು, ಸೀಸೆ ಒದ್ದೆ?"

"ಮಂಜು ಮೆತ್ಕೊಂಡಿತ್ತು. ನಮ್ಮ ಹೆಸರು ಚೆನ್ನಾಗಿ ಕಾಣ್ಲಿ ಅಂತ ಬಿಸಿನೀರಲ್ಲಿ ತೊಳೆದೆ."

ಅವಳು ಡಬ್ಬಿಗೆ ಕೈ ಹಾಕಿದಳು. ಅವನು ಅವಳ ಕೆನ್ನೆಗೆ ಬಾರಿಸಿದ. ತುಟಿ ಒಡೆದು ಬಾಯಲ್ಲಿ ಉಪ್ಪುಪ್ಪಾಯಿತು. ಕೈಗೆ ಸಿಕ್ಕ ಸ್ಟೀಲ್ ಟ್ರೇಯಿಂದ ಅವನ ಹಣೆಗೆ ಬೀಸಿದಳು. ಮತ್ತೆ ಬೀಸಿದಳು. ಹೊಡೆಯುವುದು ಇಷ್ಟು ಸಲೀಸೆಂದು ಅವಳಿಗೆ ಗೊತ್ತಿರಲಿಲ್ಲ. ತನ್ನ ಬಗ್ಗೆಯೇ ಹೆದರಿಕೆಯಾಯಿತು, ಆದರೂ ಕೈ ನಿಲ್ಲಲಿಲ್ಲ. ಅವನ ಕಣ್ಣೊಳಗೆ ರಕ್ತ ಇಳಿದು ಅವನು ಗೋಡೆಗೊರಗಿ ಕೆಳಗೆ ಜಾರಿದಾಗಲೇ ಟ್ರೇ ಕೆಳಗೆ ಬಿತ್ತು.

ಸೀಸೆಗಳನ್ನು ಬೆಳಕಿಗೆ ಹಿಡಿದಳು. ಔಷಧ ಕರಗಿ ನೀರಾಗಿತ್ತು. ಮತ್ತೆ ಹೆಪ್ಪುಗಟ್ಟಿಸಿದರೆ ಕೆಟ್ಟುಹೋಗುತ್ತದೆ. ಇನ್ನು ಕೆಲವೇ ಗಂಟೆಗಳಲ್ಲಿ ಮಗುವಿನ ಮೈ ಸೇರಬೇಕು, ಇಲ್ಲವೇ ಚರಂಡಿ ಸೇರಬೇಕು.

ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದಳು. "ಔಷಧ ಕರಗಿದೆ. ನಾಳೆ ಅಲ್ಲ, ಈಗಲೇ ಕೊಡ್ಬೇಕು."

"ತಗೊಂಡು ಬನ್ನಿ. ಮಗು ತಯಾರಿದೆ."

ಅಣ್ಣ ತೆವಳಿ ಬಂದು ಅವಳ ಕಾಲು ಹಿಡಿದ. "ಹೋಗ್ಬೇಡ ಕಣೇ. ಕೊಳ್ಳೋರು ಕೈಬಿಟ್ರೆ ಕಂಪನಿ ಮುಳುಗುತ್ತೆ. ಇಬ್ರೂ ಬೀದಿಗೆ ಬೀಳ್ತೀವಿ."

"ಬಿಡು."

ಬಿಡಲಿಲ್ಲ. ಅವಳು ಇನ್ನೊಂದು ಕಾಲೆತ್ತಿ ಅವನ ಬೆರಳುಗಳ ಮೇಲೆ ಹಿಮ್ಮಡಿ ಊರಿದಳು. ಲಟಕ್ಕೆಂದಿತು. ಅವನ ಚೀರಾಟ ಬೆನ್ನಿಗಿದ್ದಂತೆಯೇ ಸೀಸೆಗಳನ್ನು ಎದೆಗವಚಿ ರಸ್ತೆ ದಾಟಿದಳು.

ವಾರ್ಡಿನ ಬಾಗಿಲಲ್ಲಿ ಹುಡುಗಿಯ ತಾಯಿ ಅವಳನ್ನು ನೋಡಿ ಬೆಚ್ಚಿಬಿದ್ದಳು. "ಅಯ್ಯೋ, ಯಾರ ರಕ್ತ ಮೇಡಂ ಇದು?"

"ನಮ್ಮಣ್ಣಂದು. ಅವನನ್ನ ಹೊಡೆದು ಬಂದಿದ್ದೀನಿ. ಮಗೂನ ಎತ್ಕೋಮ್ಮ, ಔಷಧ ಕೊಡೋಕೆ ಡಾಕ್ಟರು ಕಾಯ್ತಿದ್ದಾರೆ, ಹೊತ್ತಿಲ್ಲ."

ತಾಯಿ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಹಾಸಿಗೆಯತ್ತ ಹೋಗಿ, ಬಗ್ಗಿ ಮಗುವನ್ನು ಎತ್ತಿಕೊಂಡಳು.