ನದಿಮೂಲದ ದಾರಿಯಲ್ಲಿ ಒಂದು ಬಿಳಿ ಗೆರೆ

"ನನ್ನ ಮಾನ ಕಳೆದುಬಿಟ್ಟೆಯಲ್ಲೇ! ಆ ನರ್ಸ್ ಮುಂದೆ ಬಾಯಿ ಬಿಡು ಅಂತ ನಿನಗೆ ಯಾರು ಹೇಳಿದ್ದು?"

ಅಣ್ಣ ಎದ್ದು ಕೂತ ರಭಸಕ್ಕೆ ಬೆಟ್ಟದ ತಂಗುದಾಣದ ಕಬ್ಬಿಣದ ಮಂಚ ಕಿರುಗುಟ್ಟಿತು. ತಂಗಿ ನೆಲದ ಮೇಲೆ ಗೋಡೆಗೆ ಒರಗಿ, ಊದಿದ ಪಾದಗಳನ್ನು ತಾನೇ ಒತ್ತಿಕೊಳ್ಳುತ್ತಿದ್ದಳು. ಜಗಳ ಆಡುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಅವಳಲ್ಲಿ ಅದೂ ಉಳಿದಿರಲಿಲ್ಲ.

"ಎರಡು ದಿನದಿಂದ ತಲೆನೋವಿನ ಮಾತ್ರೆ ನುಂಗ್ತಿದ್ದೀಯ. ನಿನ್ನೆಯಿಂದ ತಿಂದದ್ದು ಹೊಟ್ಟೇಲಿ ನಿಂತಿಲ್ಲ. ಇನ್ನೇನು ಹೇಳಬೇಕಿತ್ತು? ನಮ್ಮಣ್ಣ ಕುಣೀತಿದ್ದಾನೆ ಅಂತಲಾ?"

"ಮೊನ್ನೆ ಕೇಳಿದಾಗ ಸುಮ್ಮನಿದ್ದೆಯಲ್ಲ, ಹಾಗೇ ಇರಬೇಕಿತ್ತು!"

ಅದು ನಿಜ. ಮೊನ್ನೆ ಬೆಟ್ಟದ ಬುಡದ ಆರೋಗ್ಯ ತಪಾಸಣೆ ಕೇಂದ್ರದಲ್ಲಿ ಕೇಳಿದ್ದರು, ತಲೆನೋವು, ವಾಕರಿಕೆ ಏನಾದರೂ ಇದೆಯೇ ಎಂದು. ಅಣ್ಣ ಎದೆ ಉಬ್ಬಿಸಿ, "ಗುಂಡುಕಲ್ಲಿನ ಹಾಗಿದ್ದೀನಿ" ಅಂದಿದ್ದ. ಬಸ್ಸಿಳಿದಾಗಿನಿಂದ ಅವನು ಹಣೆ ಒತ್ತಿಕೊಳ್ಳುತ್ತಿದ್ದುದನ್ನು ತಂಗಿ ನೋಡಿದ್ದಳು. ಆದರೂ ಹಿರಿಯ ಅಣ್ಣ, ನಾಲ್ಕು ಜನರ ಮುಂದೆ ಸುಳ್ಳ ಅನ್ನುವುದು ಹೇಗೆ ಎಂದು ಬಾಯಿ ಮುಚ್ಚಿಕೊಂಡಿದ್ದಳು.

ಅಣ್ಣ ಬಸ್ ಡ್ರೈವರ್. ಡಿಪೋದಲ್ಲಿ ಎಲ್ಲರೂ ಅವನನ್ನು 'ಎಕ್ಸ್‌ಪ್ರೆಸ್' ಎಂದೇ ಕರೆಯುತ್ತಿದ್ದರು. ತಂಗಿ ಮನೆಯಲ್ಲೇ ಹೊಲಿಗೆ ಹಾಕುವವಳು. ಹಾಸಿಗೆ ಹಿಡಿದ ಅಮ್ಮ ಒಂದೇ ಒಂದು ಆಸೆ ಹೇಳಿದ್ದಳು: ಉತ್ತರದ ಹಿಮದ ಬೆಟ್ಟದಲ್ಲಿ ನದಿ ಹುಟ್ಟುವ ಜಾಗದ ನೀರು ಒಂದು ಗುಟುಕು ಕುಡಿಯಬೇಕು. ಅದಕ್ಕೇ ಇಬ್ಬರೂ ಒಂದು ಬಿಳಿ ಕ್ಯಾನ್ ಹಿಡಿದು ಹೊರಟಿದ್ದರು. ನಾಲ್ಕು ದಿನ ನಿಂತು ನಿಂತು ಹತ್ತಬೇಕಾದ ದಾರಿಯನ್ನು ಎಕ್ಸ್‌ಪ್ರೆಸ್ ಎರಡೇ ದಿನದಲ್ಲಿ ಹತ್ತಿಸಿದ್ದ. ಇನ್ನು ಉಳಿದದ್ದು ಎರಡು ಗಂಟೆಯ ನಡಿಗೆ. ಕ್ಯಾನ್ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿತ್ತು.

ಕೂಗಾಟ ಕೇಳಿ ಪಕ್ಕದ ಕೋಣೆಯಿಂದ ನರ್ಸಮ್ಮ ಬಂದರು. ಆ ತಂಗುದಾಣದಲ್ಲಿ ಅವರದೇ ಚಿಕ್ಕ ಆರೋಗ್ಯ ಕೇಂದ್ರ.

"ಏನಣ್ಣಾ, ಹಾರ್ನ್ ಜೋರಾಗಿದೆ?"

"ಸಿಸ್ಟರ್, ಒಂದು ತಲೆನೋವಿಗೆ ಇಷ್ಟು ರಂಪ ಬೇಕಾ? ಮಾತ್ರೆ ತಗೊಂಡಿದ್ದೀನಿ, ಕಡಿಮೆಯಾಗಿದೆ."

"ಗಾಡಿಯಲ್ಲಿ ಕೆಂಪು ದೀಪ ಹತ್ತಿಕೊಂಡರೆ ಏನು ಮಾಡ್ತೀರಿ?"

"ನಿಲ್ಲಿಸ್ತೀನಿ."

"ದೀಪದ ಮೇಲೆ ಪಟ್ಟಿ ಅಂಟಿಸಿ ಓಡಿಸಲ್ಲ ತಾನೇ? ನೀವೀಗ ಮಾಡ್ತಿರೋದು ಅದೇ."

"ಬಸ್ಸಲ್ಲಿ ಐವತ್ತು ಜನ ಇರ್ತಾರೆ ಸಿಸ್ಟರ್. ಇಲ್ಲಿ ನಾನೊಬ್ಬನೇ ಅಲ್ವಾ?"

ತಂಗಿ ತಲೆ ಎತ್ತಿ ಅವನ ಮುಖ ನೋಡಿದಳು.

ನರ್ಸಮ್ಮ ಅವಳ ಕಡೆ ತಿರುಗಿದರು. "ನೀನು ಟೈಲರ್ ಅಂದೆಯಲ್ಲ, ಸೀಮೆಸುಣ್ಣ ಇದೆಯಾ?"

ಬಟ್ಟೆಗೆ ಗುರುತು ಹಾಕುವ ಚಪ್ಪಟೆ ತುಂಡೊಂದು ಅವಳ ಚೀಲದ ಮೂಲೆಯಲ್ಲಿ ಯಾವಾಗಲೂ ಇರುತ್ತಿತ್ತು. ನರ್ಸಮ್ಮ ಹೇಳಿದಂತೆ ಮಂಚದ ಬುಡದಿಂದ ಬಾಗಿಲವರೆಗೆ ಸಿಮೆಂಟ್ ನೆಲದ ಮೇಲೆ ಒಂದು ಗೆರೆ ಎಳೆದಳು. ಅಳತೆಪಟ್ಟಿ ಇಲ್ಲದೆಯೂ ನೇರವಾಗಿ ಬಂತು.

"ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ಇದರ ಮೇಲೆ ನಡೀರಿ ಅಣ್ಣಾ."

"ಜೀವನಪೂರ್ತಿ ರಸ್ತೆಯ ಬಿಳಿ ಗೆರೆ ನೋಡಿಕೊಂಡು ಬಂದವನಿಗೆ ಇದೇನು ಪರೀಕ್ಷೆ!" ಎಂದು ಅಣ್ಣ ನಕ್ಕ. ಮೂರು ಹೆಜ್ಜೆ ಇಟ್ಟ. ನಾಲ್ಕನೆಯದು ಗೆರೆ ಬಿಟ್ಟು ಆಚೆ ಬಿತ್ತು. ಐದನೆಯದಕ್ಕೆ ಗೋಡೆ ಹಿಡಿದುಕೊಂಡ.

"ನೆಲ ಸರಿಯಿಲ್ಲ," ಅಂದ.

ಯಾರೂ ನಗಲಿಲ್ಲ.

"ನೆಲ ಸರಿಯಾಗೇ ಇದೆ," ಅಂದರು ನರ್ಸಮ್ಮ. "ಮೇಲೆ ಹೋದಷ್ಟೂ ಗಾಳಿ ತೆಳು. ಮೈ ಅದಕ್ಕೆ ಒಗ್ಗೋಕೆ ದಿನ ಬೇಕು. ನೀವು ದಿನ ಕೊಡಲಿಲ್ಲ. ಮೊದಲು ತಲೆನೋವು, ಆಮೇಲೆ ವಾಂತಿ. ಈಗ ನಡಿಗೆ ತೂರಾಡ್ತಿದೆ ಅಂದರೆ ಮಿದುಳು ಊದಿಕೊಳ್ತಿದೆ. ಒಂದು ಗಂಟೆಯೂ ತಡ ಮಾಡೋ ಹಾಗಿಲ್ಲ, ಕೆಳಗಿಳೀಬೇಕು. ಇಳಿಯೋದೇ ಇದಕ್ಕೆ ದೊಡ್ಡ ಔಷಧಿ."

"ಇಷ್ಟು ದೂರ ಬಂದು? ಅಮ್ಮನಿಗೆ ಏನು ಮುಖ ತೋರಿಸಲಿ? ನದಿ ನನಗೋಸ್ಕರ ನಿಂತಿರುತ್ತಾ?"

"ಓಡೋದು ನೀರು ಅಣ್ಣಾ. ಅದು ಹುಟ್ಟೋ ಜಾಗ ಅಲ್ಲೇ ಇರುತ್ತೆ. ಇಳೀರಿ, ವಾಸಿ ಮಾಡಿಕೊಳ್ಳಿ. ಡಾಕ್ಟರು ಹೂಂ ಅಂದಮೇಲೆ ಮುಂದಿನ ವರ್ಷ ಬನ್ನಿ, ನಾನೇ ಟೀ ಕೊಡಿಸ್ತೀನಿ."

ಅಣ್ಣ ಮಂಚದ ಮೇಲೆ ಕುಸಿದು ಕೂತ. "ಆಯ್ತು" ಅಂದ. ತಂಗಿಗೆ ಎದೆಯ ಭಾರ ಇಳಿದಂತಾಯಿತು.

ಅವನನ್ನು ಕೂರಿಸಿ ಇಳಿಸುವ ಹೇಸರಗತ್ತೆಯವನನ್ನು ಕರೆದು, ಆಮ್ಲಜನಕದ ಸಿಲಿಂಡರನ್ನೂ ತರಲು ನರ್ಸಮ್ಮ ಹೊರಟರು. ಬಾಗಿಲ ಹೊರಗೆ ತಂಗಿಯನ್ನು ಕರೆದು ಮೆಲ್ಲಗೆ ಹೇಳಿದರು: "ಒಂದು ನಿಮಿಷವೂ ಒಬ್ಬರನ್ನೇ ಬಿಡಬೇಡಮ್ಮ. ಈ ಕಾಯಿಲೆ ಮೊದಲು ಕೆಡಿಸೋದು ಬುದ್ಧೀನ. ನನಗೇನೂ ಆಗಿಲ್ಲ ಅಂತ ಹಟ ಮಾಡೋದೂ ಇದರದೇ ಲಕ್ಷಣ."

ತಂಗಿ ಒಳಗೆ ಬಂದು ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಅಣ್ಣ ಎದ್ದು ಕೋಟು ಹಾಕಿಕೊಂಡ.

"ಎಲ್ಲಿಗೆ?"

"ಇಲ್ಲೇ, ಟೀ ಕುಡಿದು ಬರ್ತೀನಿ."

"ಅವರು ಬರೋವರೆಗೂ ಕೂತಿರು ಅಣ್ಣ."

"ಟೀ ಕುಡಿಯೋಕೂ ನಿನ್ನ ಅಪ್ಪಣೆ ಬೇಕೇನೇ?"

ಬೆಳಗ್ಗೆಯಿಂದ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಕಾಲು ಸಿಡಿಯುತ್ತಿತ್ತು, ಕಣ್ಣು ಎಳೆಯುತ್ತಿತ್ತು. ಎದ್ದು ಅಡ್ಡ ನಿಂತರೆ ಮತ್ತೆ ಕೂಗಾಡುತ್ತಾನೆ, ಮತ್ತೆ ಉತ್ತರ ಕೊಡಬೇಕು. "ಏನಾದರೂ ಮಾಡಿಕೋ, ಹೋಗು" ಅಂದಳು. ಅವನು ಬಾಗಿಲ ಚೌಕಟ್ಟು ಹಿಡಿದು ಹೊರಗೆ ಹೋದ.

ಚೀಲ ಕಟ್ಟಿ ತಲೆ ಎತ್ತಿದಾಗ ಅವಳ ಕಣ್ಣು ಮೊಳೆಯ ಮೇಲೆ ಬಿತ್ತು. ಕ್ಯಾನ್ ಇರಲಿಲ್ಲ.

ಬರಿಗಾಲಲ್ಲೇ ಹೊರಗೆ ಓಡಿದಳು. ಟೀ ಅಂಗಡಿಯಲ್ಲಿ ಅವನಿರಲಿಲ್ಲ. ಅವಳ ಕೂಗು ಕೇಳಿ ನರ್ಸಮ್ಮ, ಹೇಸರಗತ್ತೆಯವನು ಇಬ್ಬರೂ ಅವನನ್ನು ಹುಡುಕುತ್ತ ಮೇಲಿನ ದಾರಿ ಹಿಡಿದರು. ಅಷ್ಟರಲ್ಲಿ ಮಂಜು ಇಳಿದು ಹತ್ತು ಮಾರು ದೂರದ್ದೂ ಕಾಣದಾಯಿತು. ಅಣ್ಣ ದಾರಿ ಬಿಟ್ಟು ಪಕ್ಕದ ಇಳಿಜಾರಿಗೆ ಹೋಗಿದ್ದ. ಸಿಕ್ಕಿದ್ದು ಸಂಜೆಗೆ. ಬಂಡೆಗೆ ಒರಗಿ, ಸುಸ್ತಾಗಿ ಕೂತವನ ಹಾಗೇ ಇದ್ದನಂತೆ. ಮುಟ್ಟಿ ನೋಡಿದರೆ ಉಸಿರಿರಲಿಲ್ಲವಂತೆ. ಕ್ಯಾನ್ ತೊಡೆಯ ಮೇಲಿತ್ತು, ಖಾಲಿ.

ಮನೆಯಲ್ಲಿ ಅಮ್ಮ ಕೇಳಿದ್ದು ಒಂದೇ ಮಾತು. "ನೀರು ಬೇಡ, ಬಾ ಅಂತ ನಾನು ಹೇಳಿದ್ದರೆ ಬರ್ತಿರಲಿಲ್ಲವೇನೇ? ನನಗೊಂದು ಫೋನ್ ಮಾಡಬಾರದಿತ್ತಾ?"



ಈಗ ಅವಳ ಬೀದಿಯಿಂದ ಯಾರೇ ನದಿಮೂಲಕ್ಕೆ ಹೊರಟರೂ ಅವಳು ಮಿಷನ್ ನಿಲ್ಲಿಸಿ ಎದ್ದು ಬರುತ್ತಾಳೆ. ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳುತ್ತಾಳೆ. ಅವರ ಕೈಯಲ್ಲಿ ಒಂದು ತುಂಡು ಸೀಮೆಸುಣ್ಣ ಇಟ್ಟು, ಗೆರೆ ಎಳೆಯುವುದನ್ನು ತೋರಿಸಿಕೊಡುತ್ತಾಳೆ. ಕೆಲವರು ನಗುತ್ತಾರೆ. ನಗಲಿ.

ಓದುತ್ತಿರುವವರೇ, ನಿಮಗೂ ಹೇಳುತ್ತಿದ್ದೇನೆ, ಬೇಜಾರಾದರೆ ಆಗಲಿ. ಬೆಟ್ಟ ಹತ್ತುವ ಮೊದಲು ಡಾಕ್ಟರಿಗೆ ತೋರಿಸಿ. ನಿಧಾನವಾಗಿ ಹತ್ತಿ, ನಡುನಡುವೆ ಒಂದೊಂದು ದಿನ ನಿಲ್ಲಿ, ನೀರು ಕುಡಿಯುತ್ತಿರಿ. ತಲೆನೋವೋ ವಾಕರಿಕೆಯೋ ಬಂದರೆ ಮುಚ್ಚಿಡಬೇಡಿ, ಅದು ಹೋಗುವವರೆಗೆ ಒಂದು ಹೆಜ್ಜೆಯೂ ಮೇಲೆ ಇಡಬೇಡಿ. ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ, ಆ ಕ್ಷಣವೇ ಜೊತೆ ಮಾಡಿಕೊಂಡು ಕೆಳಗಿಳಿಯಿರಿ. ಜೊತೆಯಲ್ಲಿ ಹೋದವರು ಅಣ್ಣ, ಅತ್ತೆ, ಹಿರಿಯರು ಅಂತ ಸುಮ್ಮನಿರಬೇಡಿ. ಅವರು ಬೈಯಲಿ, ಮಾತು ಬಿಡಲಿ. ನಿಮಗೆಷ್ಟೇ ಸುಸ್ತಾಗಿರಲಿ, ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಲ್ಲಿ.