ಮಂಗನಬಾವಿನ ಕಾಲಡಿಯ ಡಬ್ಬಿ

ನಾನು ಒಂದು ಸ್ಟೀಲ್ ಡಬ್ಬಿ. ಮುಚ್ಚಳದಲ್ಲಿ ತೂತಿದೆ, ಎರಡು ಪಕ್ಕದಲ್ಲೂ ತೂತಿದೆ, ಒಳಗೆ ಅನ್ನವಿಲ್ಲ. ಇಷ್ಟು ಕೇಳಿದವರು ಪಾಪ ಎನ್ನುತ್ತಾರೆ. ಪಾಪ ಅನ್ನಿಸಿಕೊಳ್ಳುವ ಡಬ್ಬಿ ನಾನಲ್ಲ. ಭದ್ರಾವತಿಯಲ್ಲಿ ನನ್ನಷ್ಟು ಗಲಾಟೆ ಮಾಡಿದ ಪಾತ್ರೆ ಇನ್ನೊಂದಿಲ್ಲ.

ಮೊದಲು ನಾನೂ ಎಲ್ಲ ಡಬ್ಬಿಗಳಂತೆ ಮರ್ಯಾದಸ್ಥನಾಗಿದ್ದೆ. ಅಂಜಲೈ ಎಂಬ ತಾಯಿ ಬಸ್‌ಸ್ಟ್ಯಾಂಡಿನ ಪಾತ್ರೆ ಅಂಗಡಿಯಲ್ಲಿ ನನ್ನನ್ನು ತಟ್ಟಿ ನೋಡಿ ಕೊಂಡರು. ಕಬ್ಬಿಣದ ಕಾರ್ಖಾನೆಗೆ ಹೋಗುವ ಮಗ ಪಳನಿಗೆ ನಿಂಬೆಹಣ್ಣಿನ ಚಿತ್ರಾನ್ನ ತುಂಬಿ ಕಳಿಸುತ್ತಿದ್ದರು. ಮಧ್ಯಾಹ್ನ ಪಳನಿ ಚಿತ್ರಾನ್ನ ತಿಂದು, ನನ್ನನ್ನು ತೊಳೆದು, ಉಳಿದ ಹೊತ್ತಿನಲ್ಲಿ ನನ್ನ ತಳದ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದ. ಅವನ ತಲೆಯಲ್ಲಿ ಅನ್ನಕ್ಕಿಂತ ಗಿಟಾರು ಹೆಚ್ಚಾಗಿತ್ತು.

ಒಂದು ಭಾನುವಾರ ಅವನು ಕೆಟ್ಟ ರೇಡಿಯೊ ಒಂದನ್ನು ಬಿಚ್ಚಿ, ಅದರ ಕರುಳನ್ನು ನನ್ನ ಹೊಟ್ಟೆಗೆ ಸೇರಿಸಿದ. ಮುಚ್ಚಳಕ್ಕೆ ತೂತು ಕೊರೆದು ಒಂದು ಗುಂಡಿ ಕೂರಿಸಿದ. ಗಿಟಾರಿನ ತಂತಿ ಒಂದು ಪಕ್ಕದಿಂದ ನನ್ನೊಳಗೆ ಹೊಕ್ಕು, ಇನ್ನೊಂದು ಪಕ್ಕದಿಂದ ಹೊರಟು, ಸ್ಪೀಕರಿಗೆ ಹೋಗುತ್ತದೆ. ನೆತ್ತಿಯ ಗುಂಡಿಯನ್ನು ಕಾಲಿನಿಂದ ಒತ್ತಿದರೆ ಸಾಕು, ನುಣ್ಣಗೆ ಬಂದ ಸ್ವರ ಹರಿದ ತಗಡಿನ ಹಾಗೆ ಹೊರಡುತ್ತದೆ. ಅಂಗಡಿಯಲ್ಲಿ ಇದನ್ನು ಪೆಡಲ್ ಎಂದು ಮಾರುತ್ತಾರಂತೆ. ಅಂಜಲೈ ಬೇರೆ ಹೆಸರಿಟ್ಟರು.

"ಅನ್ನ ಹಾಕೋ ಡಬ್ಬಿಗೆ ತೂತು ಹೊಡೆದ್ಯಲ್ಲೋ, ದರಿದ್ರ!"

ಅಂದಿನಿಂದ ನಾನು ನೆಲದ ಮೇಲೆ ಬಿದ್ದೆ. ಮನುಷ್ಯರನ್ನು ನಾನು ಬಲ್ಲದ್ದು ಅಂಗಾಲಿನಿಂದ. ಮುಖ ಮೇಲೆ ಎಲ್ಲೋ ದೂರದಲ್ಲಿರುತ್ತದೆ. ಮುಖ ನಗುತ್ತಿದ್ದರೂ ಕಾಲು ನಡುಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಮೊದಲು ಮೂರು ಜೊತೆ ಕಾಲುಗಳಿದ್ದವು. ಗಿಟಾರಿನ ಪಳನಿಯದು ಕರೆದ ಹೊತ್ತಿಗೆ ಎಂದೂ ಬಾರದ, ಬಿರಿದ ಹಿಮ್ಮಡಿ. ಡ್ರಮ್ಮಿನ ಎಡ್ವಿನ್‌ನದು ಸುಮ್ಮನೆ ಕೂತಲ್ಲೂ ಕುಣಿಯುವ ಮೊಣಕಾಲು. ಹಾಡುವ ರುದ್ರೇಶನದು ಪಾಲಿಶ್ ಮಾಡಿದ ಬೂಟು. ನಲ್ಲಿ ನೀರು, ರೇಷನ್ ಸಕ್ಕರೆ, ಒಂದು ದಿನಕ್ಕೆಂದು ಬಂದು ಬೇರೂರಿದ ಭಾವಮೈದ, ಇವರ ಹಾಡಿಗೆ ಇಂಥವೇ ವಿಷಯ. ಗುಂಪಿಗೆ ಹೆಸರಿಟ್ಟವನು ಪಳನಿ: ಮಂಗನಬಾವು. ಮಕ್ಕಳಿಗೆ ಕೆನ್ನೆ ಊದುತ್ತದಲ್ಲ, ಅದೇ.

"ಕಾಯಿಲೆ ಹೆಸರು ಯಾರಾದ್ರೂ ಇಡ್ತಾರೇನೋ?" ಎಂದ ರುದ್ರೇಶ.

"ಒಬ್ರಿಂದ ಒಬ್ರಿಗೆ ಅಂಟ್ಬೇಕು ಕಣೋ, ಅದಕ್ಕೆ."

ಕೆನ್ನೆ ಊದಿದವರು ಕಟ್ಟಿಕೊಳ್ಳುವ ಹಾಗೆ ಗಲ್ಲದ ಕೆಳಗಿನಿಂದ ತಲೆಯ ಮೇಲಕ್ಕೆ ಒಂದೊಂದು ಕೆಂಪು ಟವೆಲ್ ಬಿಗಿದುಕೊಂಡು ಮೂವರೂ ಕ್ವಾರ್ಟರ್ಸಿನ ಗಣಪತಿ ಪೆಂಡಾಲು ಹತ್ತಿದರು. ಪಳನಿ ನನ್ನನ್ನು ತುಳಿದ. ನಾನು ಬಾಯಿ ಬಿಟ್ಟೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯರು ಕುರ್ಚಿ ಎತ್ತಿಕೊಂಡು ಹಿಂದಕ್ಕೆ ಹೋದರು, ಹಿಂದಿದ್ದ ಮಕ್ಕಳು ಮುಂದಕ್ಕೆ ಓಡಿಬಂದರು. ಅಲ್ಲಿಗೆ ನಮ್ಮ ಜನ ಯಾರು ಎಂಬುದು ತೀರ್ಮಾನವಾಯಿತು.

ಮೊದಲು ಬಿಟ್ಟವನು ರುದ್ರೇಶ. ಶಿವಮೊಗ್ಗದಲ್ಲಿ ಭಕ್ತಿಗೀತೆ ಹಾಡಲು ಕರೆ ಬಂದಿತ್ತು. ಹಾರ ತರೋಣ ಎಂದು ಎಡ್ವಿನ್ ಹೇಳಿದ್ದಕ್ಕೆ ಪಳನಿ ಸಿಡುಕಿದ. "ಹಾರ ಹಾಕಿದ್ರೆ ಸತ್ತೋನ ಲೆಕ್ಕ. ಬೈದು ಕಳ್ಸೋಣ, ಜಗಳಕ್ಕಾದ್ರೂ ನೆನಪಿಟ್ಕೊಳ್ತಾನೆ."

ಹೀಗೆ ನಮ್ಮ ಕಟ್ಟಳೆ ಹುಟ್ಟಿತು. ಬಿಟ್ಟು ಹೋಗುವವನು ವೇದಿಕೆಯ ಎದುರು ಕುರ್ಚಿಯಲ್ಲಿ ಕೂರಬೇಕು. ಅವನ ಮೇಲೆ ಗೇಲಿಯ ಹಾಡೊಂದನ್ನು ಕಟ್ಟಿ ಎಲ್ಲರೆದುರು ಹಾಡಬೇಕು. ಹಾಡು ಮುಗಿದ ಮೇಲೆ ಅವನು ತನ್ನ ಟವೆಲ್ಲನ್ನು ಹೊಸಬನ ಗಲ್ಲಕ್ಕೆ ಕಟ್ಟಬೇಕು. ಆಗ ಮಾತ್ರ ಹಳಬ ಬಿಟ್ಟ ಹಾಗೆ, ಹೊಸಬ ಸೇರಿದ ಹಾಗೆ. ಹಾಡುವಾಗ ನಡುವೆ ನಿಲ್ಲಿಸಿ ತಲೆ ಬಾಚುತ್ತಿದ್ದ ರುದ್ರೇಶನಿಗೆ ಸಿಕ್ಕಿದ್ದು ಇದು:

ಬಾಚಣಿಗೆ ಬಾಚಣಿಗೆ ಜೇಬಲ್ಲೊಂದು ಬಾಚಣಿಗೆ
ತಾಳ ಓಡಿ ಹೋಯ್ತು, ಆದ್ರೆ ಕ್ರಾಪು ನೆಟ್ಟಗಾಯ್ತು!

ಊರು ನಕ್ಕಿತು. ರುದ್ರೇಶ ನಗಲಿಲ್ಲ. ಹೊಸ ಹಾಡುಗಾರ ಖಲೀಲನಿಗೆ ಟವೆಲ್ಲನ್ನು ಎಷ್ಟು ಬಿಗಿಯಾಗಿ ಕಟ್ಟಿದನೆಂದರೆ, ಖಲೀಲ ಮೊದಲ ಹಾಡನ್ನು ಹಲ್ಲು ಕಚ್ಚಿಕೊಂಡೇ ಹಾಡಿದ.

ಖಲೀಲ ವಾಹನಗಳ ವೈರಿಂಗ್ ಕೆಲಸದವನು. ಅವನ ಕೈಯಲ್ಲಿ ನನ್ನ ಹೊಟ್ಟೆ ಆಗಾಗ ರಿಪೇರಿಯಾಯಿತು. ಗುಂಡಿ ಬದಲಾಯಿತು, ತಂತಿಗಳು ಬದಲಾದವು. ತುಳಿದು ತುಳಿದು ನಗ್ಗಿದ ಮುಚ್ಚಳ ಹೋಗಿ ಬೇರೊಂದು ಡಬ್ಬಿಯ ಮುಚ್ಚಳ ಬಂತು. ಆಮೇಲೆ ಎಡ್ವಿನ್ ಬಿಟ್ಟ. ಅವನಿಗೆ ಅವಳಿ ಮಕ್ಕಳಾಗಿದ್ದವು. ಊರನ್ನೆಲ್ಲ ಎಬ್ಬಿಸುವ ಗಂಡು ಮನೆಯಲ್ಲಿ ಲೋಟವನ್ನೂ ಸದ್ದಾಗದಂತೆ ಇಡುತ್ತಾನೆ ಎಂದು ಅವನ ಹಾಡು. ಎಡ್ವಿನ್ ಕುರ್ಚಿಯಿಂದ ಜಾರಿ ಬೀಳುವಷ್ಟು ನಕ್ಕ. ಅವನ ಟವೆಲ್ಲು ತಮಟೆ ಬಾರಿಸುತ್ತಿದ್ದ ಚೌಡಪ್ಪನ ಗಲ್ಲಕ್ಕೆ ಬಂತು. ಚೌಡಪ್ಪ ಬಂದ ಮೇಲೆ ನಮ್ಮ ಹಾಡುಗಳಿಗೆ ಸೊಂಟ ಬಂತು.

ಬಿಡುವುದೇ ಇಲ್ಲ ಎಂದುಕೊಂಡಿದ್ದವನು ಪಳನಿ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ಬಾಯಿಯೂ ಒಂದು ಕಡೆಗೆ ವಾಲಿತು. ತಂತಿ ಒತ್ತುವ ಕೈ ಅದು. ಅದಿಲ್ಲದೆ ಗಿಟಾರಿಲ್ಲ.

ಅವನ ಜಾಗಕ್ಕೆ ಬಂದವಳು ಸುಗಂಧಿ. ಬೇಕರಿಯ ಕೌಂಟರಿನಲ್ಲಿ ಬನ್ನು ಕಟ್ಟಿಕೊಡುತ್ತಿದ್ದ ಹುಡುಗಿ. ಗಿಟಾರನ್ನು ಪಳನಿಯ ಹತ್ತಿರವೇ ಕಲಿತವಳು. ಮೊದಲ ದಿನ ಚಪ್ಪಲಿ ಹೊರಗೆ ಬಿಟ್ಟು ಬಂದಳು. ಅವಳ ಅಂಗಾಲಿಗೆ ಮೈದಾ ಹಿಟ್ಟು ಅಂಟಿತ್ತು. ನನ್ನನ್ನು ತುಳಿಯುವ ಮೊದಲು ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

"ಪೂಜೆ ಮಾಡ್ಬೇಡ ಕಣಮ್ಮಾ, ತುಳಿ!" ಎಂದ ಪಳನಿ, ವಾಲಿದ ಬಾಯಿಂದ.

"ಅನ್ನದ ಡಬ್ಬಿ ಅಲ್ವಾ ಮಾಮ."

"ಅದು ಅನ್ನ ಬಿಟ್ಟು ಕೆಟ್ಟಿದ್ದಕ್ಕೇ ನಾವು ಉದ್ಧಾರ ಆಗಿದ್ದು."

ತುಳಿದಳು. ಮೆತ್ತಗೆ ಮಾತಾಡುವ ಹುಡುಗಿಯ ಕಾಲಿಗೆ ಅಷ್ಟು ಸಿಟ್ಟಿರಬಹುದೆಂದು ನಾನು ನೆನೆಸಿರಲಿಲ್ಲ.

ಆದರೆ ಪಳನಿಗೆ ಗೇಲಿಯ ಹಾಡು ಆಗಲಿಲ್ಲ. "ಕೈ ಬಿದ್ದೋನ್ನ ಆಡ್ಕೊಂಡು ನಗ್ತಾರಾ? ಜನ ಉಗೀತಾರೆ" ಎಂದ ಖಲೀಲ. ಚೌಡಪ್ಪನೂ ತಲೆಯಾಡಿಸಿದ. ಪಳನಿ ಪ್ರತಿ ವರ್ಷ ಕೇಳುತ್ತಿದ್ದ, "ಎಲ್ರೋ ನನ್ನ ಹಾಡು?" ಮುಂದಿನ ವರ್ಷ ಎನ್ನುತ್ತಿದ್ದರು. ಹಾಡಿಲ್ಲದೆ ಟವೆಲ್ಲಿಲ್ಲ. ಖಲೀಲ, ಚೌಡಪ್ಪ ಕೆಂಪು ಟವೆಲ್ ಬಿಗಿದು ನಿಂತರೆ ನಡುವೆ ಸುಗಂಧಿಯ ಗಲ್ಲ ಬರಿದಾಗಿರುತ್ತಿತ್ತು. ನೋಡಿದವರು ಅವಳನ್ನು ಬಾಡಿಗೆಗೆ ಕರೆತಂದಿದ್ದಾರೆ ಎಂದುಕೊಂಡರು. ಕರುಣೆಯಿಂದ ಪಳನಿಯನ್ನೂ ಹೊರಗಿಟ್ಟರು, ಸುಗಂಧಿಯನ್ನೂ ಒಳಗೆ ಬಿಡಲಿಲ್ಲ. ಕರುಣೆಯಷ್ಟು ಭಾರದ ಕಾಲು ನನ್ನ ಮೇಲೆ ಯಾವುದೂ ಬಿದ್ದಿಲ್ಲ.

ಹೀಗಿರುವಾಗ ರುದ್ರೇಶ ಮರಳಿ ಬಂದ. ಈಗ ಅವನು ರುದ್ರೇಶ ಸಾರ್, ಶಾಲು ಹೊದೆಯುವವನು. ಬೂಟು ಮಾತ್ರ ಮೊದಲಿಗಿಂತ ಹೊಳೆಯುತ್ತಿತ್ತು. ನಾವು ಅಭ್ಯಾಸ ಮಾಡುತ್ತಿದ್ದ ಶೆಡ್ಡಿಗೆ ಪಳನಿಯನ್ನೂ ಕರೆಸಿದ್ದ.

"ರಾಜ್ಯೋತ್ಸವಕ್ಕೆ ಮೂಲ ಮಂಗನಬಾವು ಒಂದೇ ಒಂದು ಸಲ ಸೇರುತ್ತೆ. ನಾನು, ಎಡ್ವಿನ್ ವೇದಿಕೆ ಮೇಲೆ, ಪಳನಿಗೆ ಸನ್ಮಾನ. ಅಲ್ಲಿಗೆ ಹೆಸರು ಮುಗಿಸೋಣ, ಗೌರವವಾಗಿ" ಎಂದ.

"ಗಿಟಾರು ಯಾರು ಸಾರ್?" ಚೌಡಪ್ಪ ಕೇಳಿದ.

"ಶಿವಮೊಗ್ಗದಿಂದ ಒಬ್ರನ್ನ ಗೊತ್ತು ಮಾಡಿದೀನಿ."

"ಓ, ಮೂಲದವರು!"

ಖಲೀಲ ನಕ್ಕುಬಿಟ್ಟ. ರುದ್ರೇಶ ನಗದೆ ಸುಗಂಧಿಯ ಕಡೆ ತಿರುಗಿದ. "ನೋಡಮ್ಮಾ, ನಿಮ್ಮ ಕಟ್ಟಳೆ ನಾನೇನು ಮರೆತಿಲ್ಲ. ಪಳನಿಗೆ ಹಾಡು ಆಯ್ತಾ? ಇಲ್ಲ. ಅಂದ್ಮೇಲೆ ಪಳನಿ ಬಿಟ್ಟಿಲ್ಲ, ನೀನು ಸೇರಿಲ್ಲ. ಹೆಸರಿಟ್ಟ ಪಳನಿ ಬಿಡೋವರೆಗೂ ಹೆಸರು ಅವನ್ದೇ. ಸೇರ್ದೇ ಇರೋರು ಹೆಸರು ಕೇಳಂಗಿಲ್ಲ. ಬೇಕಾದ್ರೆ ನಮಗಿಂತ ಮುಂಚೆ ಮೂರು ಹಾಡು ಹಾಡ್ಕೊಳ್ಳಿ."

ಸುಗಂಧಿ ಪಳನಿಯನ್ನು ನೋಡಿದಳು. "ನೀವು ಹೇಳಿ ಮಾಮ."

"ಅವನು ಹೇಳಿದ್ದು ಸರಿಯಾಗೇ ಇದೆ" ಎಂದ ಪಳನಿ. "ನನ್ನ ಹಾಡು ಆಗಿಲ್ವಲ್ಲ."

ಮೂಲವಂತೆ! ನನ್ನೊಳಗೆ ಆ ಭಾನುವಾರದ ತಂತಿ ಒಂದೂ ಉಳಿದಿಲ್ಲ, ಮುಚ್ಚಳವೂ ನನ್ನದಲ್ಲ. ಹಾಗಾದರೆ ಇಷ್ಟು ವರ್ಷ ಕೂಗಿದ್ದು ಯಾರು? ಕೂಗು ನಿಲ್ಲದೆ ಬಂದಿದೆಯಲ್ಲ, ಅದಕ್ಕಿಂತ ದೊಡ್ಡ ಮೂಲ ಯಾವುದು? ಆದರೆ ನೆಲದ ಮೇಲಿನ ಡಬ್ಬಿಯನ್ನು ಯಾರು ಕೇಳುತ್ತಾರೆ.

ರಾಜ್ಯೋತ್ಸವದ ಸಂಜೆ ಮೈದಾನ ತುಂಬಿತ್ತು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಹಳೆಯ ಮೂವರ ಚಿತ್ರ. ನಮ್ಮನ್ನು ನಿರೂಪಕ ಕರೆದದ್ದು ಹೀಗೆ: "ಮೊದಲಿಗೆ, ಮಂಗನಬಾವು ಅಭಿಮಾನಿ ಬಳಗದಿಂದ ಮೂರು ಹಾಡು."

"ಅಭಿಮಾನಿಗಳಂತೆ! ನನಗೆ ಆ ರುದ್ರೇಶನ ಮೇಲೆ ಯಾವ ಅಭಿಮಾನ ಇದೆಯೋ" ಎಂದು ಚೌಡಪ್ಪ ಗೊಣಗಿಕೊಂಡು ಡ್ರಮ್ಮಿನ ಹಿಂದೆ ಕೂತ.

ವೇದಿಕೆಯ ಎದುರು ಕುರ್ಚಿಯಲ್ಲಿ ಪಳನಿ. ಮಡಿಲಲ್ಲಿ ಸತ್ತ ಕೈ, ಹೆಗಲಲ್ಲಿ ಆ ಹಳೆಯ ಕೆಂಪು ಟವೆಲ್. ಪಕ್ಕದಲ್ಲಿ ಹಾರ ಹಿಡಿದು ರುದ್ರೇಶ.

ಎರಡು ಹಾಡು ಮುಗಿದವು. ಮೂರನೆಯದಕ್ಕೆ ಖಲೀಲ ಭಾವಮೈದನ ಹಾಡು ಎನ್ನುವಷ್ಟರಲ್ಲಿ ಸುಗಂಧಿ ಅವನನ್ನು ಸರಿಸಿ ಮೈಕಿನ ಮುಂದೆ ಬಂದಳು. ಅವಳು ಮೈಕಿನಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಇದು ಪಳನಿ ಮಾಮನ ಹಾಡು" ಎಂದಳು.

"ಬೇಡ ಕಣೇ, ಹೊಡೀತಾರೆ" ಎಂದು ಖಲೀಲ ಪಿಸುಗುಟ್ಟಿದ.

ಅವಳ ಕಾಲು ನನ್ನ ನೆತ್ತಿಯ ಮೇಲೆ ಗಾಳಿಯಲ್ಲೇ ನಿಂತಿತ್ತು. ಇಳಿದರೆ, ಲಕ್ವ ಹೊಡೆದ ಮನುಷ್ಯನನ್ನು ಊರೆದುರು ಗೇಲಿ ಮಾಡಿದವಳಾಗುತ್ತಾಳೆ. ಇಳಿಯದಿದ್ದರೆ ಆ ಹಾರದ ಜೊತೆಗೆ ಮಂಗನಬಾವು ಮುಗಿಯುತ್ತದೆ. ಇಳಿಯೇ ಹುಡುಗಿ, ಎಂದು ನಾನು ಕಾದೆ.

ಕಾಲು ಇಳಿಯಿತು. ನಾನು ಇದ್ದಬದ್ದ ದನಿಯನ್ನೆಲ್ಲ ಕೊಟ್ಟೆ.

ಪಳನಿ ಮಾಮ, ಪಳನಿ ಮಾಮ, ಎಡಗೈ ಯಾಕೆ ಮಾಮ?
ಕರೆದ್ರೆ ಬರಲ್ಲ, ಹೇಳಿದ್ದು ಕೇಳಲ್ಲ,
ಬೇಕಾದಾಗ ಇರಲ್ಲ, ಮಲಗಿದ್ರೆ ಏಳಲ್ಲ,
ಕೊನೆಗೂ ನಿನ್ನ ಕೈ ನಿನ್ನಂಗೇ ಆಯ್ತಲ್ಲ ಮಾಮ!

"ಥೂ, ನಾಚಿಕೆ ಆಗಲ್ವೇನೇ!" ಎಂದು ಎಲ್ಲಿಂದಲೋ ಒಂದು ಹೆಂಗಸಿನ ದನಿ. ಸುಗಂಧಿ ನಿಲ್ಲಿಸಲಿಲ್ಲ. ತಂತಿಯನ್ನು ಇನ್ನಷ್ಟು ಬಲವಾಗಿ ಮೀಟಿದಳು.

ಆಗ ಕೆಳಗಿನಿಂದ ಒಂದು ವಿಚಿತ್ರ ಸದ್ದು ಬಂತು. ಅರ್ಧ ಬಾಯಿಂದ ನಗುವ ಸದ್ದು. ಪಳನಿ ಇಡೀ ಕುರ್ಚಿ ಅಲುಗುವ ಹಾಗೆ ನಗುತ್ತಿದ್ದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಬೇಕಾದ ಒಳ್ಳೆ ಕೈಯಿಂದ ತೊಡೆ ಬಡಿಯುತ್ತಿದ್ದ.

"ಇನ್ನೊಂದ್ ಸಲ! ಇನ್ನೊಂದ್ ಸಲ ಹಾಡೇ, ದರಿದ್ರದವಳೇ!"

ಚೌಡಪ್ಪ ಡ್ರಮ್ಮಿನ ಮೇಲೆ ಎರಗಿದ. ಎರಡನೆಯ ಸಲ ಕೊನೆಯ ಸಾಲನ್ನು ಮಕ್ಕಳು ಹಾಡಿದರು, ಮೂರನೆಯ ಸಲ ಬೈದ ಹೆಂಗಸೂ ಹಾಡಿರಬೇಕು.

ರುದ್ರೇಶ ಹಾರ ಹಿಡಿದೇ ನಿಂತಿದ್ದ. "ಮಾನ ಮರ್ಯಾದೆ ಇಲ್ಲದ ಜನ" ಎಂದ.

"ಈಗ ಗೊತ್ತಾಯ್ತೇನೋ?" ಎಂದ ಪಳನಿ. ಎದ್ದು, ಹಾರವನ್ನು ಸರಿಸಿ, ಒಂದೊಂದೇ ಮೆಟ್ಟಿಲು ಹತ್ತಿ ಬಂದ. ಟವೆಲ್ಲನ್ನು ಸುಗಂಧಿಯ ಗಲ್ಲದ ಕೆಳಗೆ ಹಾಕಿದ. ಒಂದು ಕೈಯಲ್ಲಿ ಗಂಟು ಬೀಳುವುದಿಲ್ಲ. ಒಂದು ತುದಿಯನ್ನು ಅವನು ಎಳೆದು ಹಿಡಿದ, ಇನ್ನೊಂದನ್ನು ಅವಳೇ ಸುತ್ತಿ ಬಿಗಿದಳು.

"ಈಗ ನಾನು ಬಿಟ್ಟೆ" ಎಂದ ಮೈಕಿನಲ್ಲಿ. "ಇವಳು ಸೇರಿದ್ಲು. ಹೆಸರು ಇವಳ್ದು. ಮೂಲದವರು ಯಾರಾದ್ರೂ ಇದ್ರೆ ಕೆಳಗೆ ಕೂತ್ಕೊಂಡು ಕೇಳಿ."

ಎಡ್ವಿನ್ ಮೊದಲು ಚಪ್ಪಾಳೆ ತಟ್ಟಿದ.

ರುದ್ರೇಶ ಸಾರ್ ಆ ಮೇಲೆ ನಮ್ಮನ್ನು ಯಾವ ವೇದಿಕೆಗೂ ಸೇರಿಸದಂತೆ ನೋಡಿಕೊಂಡಿದ್ದಾರೆ. ಚಿಂತೆಯಿಲ್ಲ. ಬೇಕರಿಯ ಮುಂದೆ, ಸಂತೆಯ ಮೂಲೆಯಲ್ಲಿ, ಲಾರಿ ಸ್ಟ್ಯಾಂಡಿನಲ್ಲಿ ಮಂಗನಬಾವು ಇನ್ನೂ ಅಂಟುತ್ತಲೇ ಇದೆ. ನಿಂತುಹೋದವನು ನಾನು ಮಾತ್ರ. ಹೋದ ಮಳೆಗಾಲದಲ್ಲಿ ಹೊಟ್ಟೆಗೆ ನೀರು ಹೋಗಿ ಸುಟ್ಟೆ. ಈ ಸಲ ಖಲೀಲನೂ ಕೈಚೆಲ್ಲಿದ. ಅಂಗಡಿಯ ಹೊಸ ಪೆಡಲ್ಲು ಬಂದಿದೆ, ನೀಲಿ ಬಣ್ಣದ್ದು, ತುಂಬ ವಿನಯದ್ದು.

ಆದರೂ ಸುಗಂಧಿ ಪ್ರತಿ ಸಲ ನನ್ನನ್ನು ಚೀಲದಿಂದ ತೆಗೆದು ಅದರ ಪಕ್ಕದಲ್ಲೇ ಇಡುತ್ತಾಳೆ. ಮೊನ್ನೆ ಮೈಕಿನವನು ಕೇಳಿದ, "ಅಕ್ಕಾ, ಈ ಡಬ್ಬಿ ಕೆಲಸ ಮಾಡುತ್ತಾ?"

"ಇಲ್ಲ."

"ಮತ್ಯಾಕೆ ತಂದ್ರಿ?"

"ಬರ್ತೀನಿ ಅಂತು."

ನಾನು ಹಾಗೆ ಅಂದಿರಲಿಲ್ಲ. ಕೇಳಿದ್ದರೆ ಅದನ್ನೇ ಅನ್ನುತ್ತಿದ್ದೆ.