ಐಸ್ ಫ್ಯಾಕ್ಟರಿ ತಮ್ಮಯ್ಯನೂ ಸದ್ದಿಲ್ಲದ ಪೆಟ್ಟಿಗೆಯೂ

"ತಣ್ಣಗೆ ಮಾಡೋ ಮಿಷನ್ನು ಯಾವ್ದೇ ಆಗ್ಲಿ, ಕಿವಿ ಮಡಗ್ದೆ ಅಂದ್ರೆ ಅದರ ಕಾಯಿಲೆ ಏಳ್ಬುಡ್ತೀನಿ ಕಣ್ಲಾ!" ಎಂದು ಮಲ್ಲಿಪಟ್ಟಣದ ತಮ್ಮಯ್ಯ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಸಾರಿದರೆ, ಹೊರಡಲಿದ್ದ ಬಸ್ಸುಗಳೂ ಎಂಜಿನ್ ಆರಿಸಿಕೊಂಡು ಕೇಳುತ್ತಿದ್ದವು. ನಡೆಯುವಾಗಲೂ ಅವನ ಬಲಗಿವಿ ದೇಹಕ್ಕಿಂತ ಒಂದು ಗೇಣು ಮುಂದಿರುತ್ತಿತ್ತು. ವೈಶಾಖದ ಬಿಸಿಲಿನಲ್ಲೂ ಮೈಯಿಂದಿಳಿಯದ ಅವನ ಕರಿಯ ಉಣ್ಣೆ ಕೋಟು ಫ್ಯಾಕ್ಟರಿಯ ಶೈತ್ಯವನ್ನೆಲ್ಲ ಮನೆಗೆ ಹೊತ್ತು ತರುತ್ತಿತ್ತೆಂದೂ, ಅದನ್ನು ಗೂಟಕ್ಕೆ ಹಾಕಿದೊಡನೆ ಹೆಂಡತಿ ಮಾರಮ್ಮ ಕಂಬಳಿ ಹುಡುಕುತ್ತಿದ್ದಳೆಂದೂ ಪ್ರತೀತಿ.

ಈ ಶೀತಲ ವಿದ್ಯೆಗೆ ಅವನು ಬಂದದ್ದು ಬೆಂಕಿಯ ಬಾಗಿಲಿನಿಂದ. ಹೊಳೆನರಸೀಪುರದ ಹೋಟೆಲೊಂದರಲ್ಲಿ ಸ್ನಾನದ ಹಂಡೆಗೆ ತೆಂಗಿನ ಸೋಗೆಯ ಉರಿ ಹಾಕುತ್ತ ಯೌವನದ ಅರ್ಧವನ್ನು ಹೊಗೆಗೆ ಧಾರೆಯೆರೆದವನು, ಐವತ್ತರ ದಶಕದ ನಡುವೆ ಹಾಸನದ ಐಸ್ ಫ್ಯಾಕ್ಟರಿ ಸೇರಿದ. ಅಲ್ಲಿ ಚನ್ನಪ್ಪ ಮೇಸ್ತ್ರಿಯೇ ವಿಶ್ವವಿದ್ಯಾನಿಲಯ. ಮೊದಲು ಐಸ್ ಗಡ್ಡೆಗೆ ಮರದ ಹೊಟ್ಟು ಮೆತ್ತುವುದು, ಆಮೇಲೆ ಮಿಷನ್ನಿಗೆ ಎಣ್ಣೆ ಬಿಡುವುದು, ಆಮೇಲೆ ಅದರ ಉಸಿರಾಟ ಕೇಳುತ್ತ ಕೂರುವುದು; ಮೇಸ್ತ್ರಿ ಸ್ಪ್ಯಾನರನ್ನು ನಿನ್ನದೆಂದು ಕೊಟ್ಟ ದಿನ ಮೆಕ್ಯಾನಿಕ್. ಒಮ್ಮೆ ಅಮೋನಿಯಾ ಸೋರಿ ಊರಿಗೆ ಊರೇ ಕಣ್ಣೀರಿಡುತ್ತ, ತೀರಿಕೊಂಡವರು ಯಾರೆಂದು ಒಬ್ಬರನ್ನೊಬ್ಬರು ವಿಚಾರಿಸಿದರಂತೆ. ಸೋರುವ ಕೀಲನ್ನು ಕಣ್ಣು ಮುಚ್ಚಿ ಕಿವಿಯಿಂದಲೇ ಹಿಡಿದವನು ತಮ್ಮಯ್ಯ. ಆದರೂ ಸ್ಪ್ಯಾನರು ಸಿಗಲಿಲ್ಲ.

ಸಿಗುವ ಯೋಗ ಒದಗಿದ್ದು ಚನ್ನರಾಯಪಟ್ಟಣದಲ್ಲಿ. ಅಲ್ಲಿನ ಔಷಧಿ ಅಂಗಡಿಯ ಅನಂತರಾಜಯ್ಯನವರು, ಕರೆಂಟನ್ನು ನಂಬಲಾಗದ ಆ ಕಾಲದಲ್ಲಿ, ಸೀಮೆಎಣ್ಣೆಯ ದೀಪದಿಂದ ತಂಪಾಗುವ ಪೆಟ್ಟಿಗೆಯೊಂದನ್ನು ತರಿಸಿ ಮನೆಯ ಪಡಸಾಲೆಯಲ್ಲಿ ನಿಲ್ಲಿಸಿದ್ದರು. ಅದು ಇಂಜೆಕ್ಷನ್ ಸೀಸೆಗಳನ್ನು ಹಗಲು ಅಷ್ಟಿಷ್ಟು ತಣಿಸಿ, ಬೆಳಗಾಗುವುದರೊಳಗೆ ಬೆಚ್ಚಗೆ ಮಾಡಿಡುತ್ತಿತ್ತು.

"ಒಬ್ನೇ ಓಗ್ಲಾ," ಎಂದು ಮೇಸ್ತ್ರಿ ಸ್ಪ್ಯಾನರನ್ನು ಎರವಲು ಕೊಟ್ಟರು. "ತಣ್ಣಗೆ ಮಾಡ್ದ್ಯೋ, ನೀನೇ ಮೆಕ್ಯಾನಿಕ್ಕು. ಇಲ್ವೋ, ವಾಪಸ್ಸು ಬಚ್ಚಲ ಒಲೆ ಮುಂದೆ ಕುಂತ್ಕೋ. ನಾಳಿದ್ದು ನಾನೇ ಬಂದು ನೋಡ್ತೀನಿ."

ತಮ್ಮಯ್ಯ ಕೋಟಿನ ಗುಂಡಿ ಹಾಕಿಕೊಂಡು ಪೆಟ್ಟಿಗೆಗೆ ಬಲಗಿವಿ ಇಟ್ಟ. ಸದ್ದಿಲ್ಲ. ಎಡಗಿವಿ ಇಟ್ಟ. ಮಧ್ಯಾಹ್ನವೆಲ್ಲ ಅದನ್ನು ತಬ್ಬಿ ಕುಳಿತರೂ, ಪಕ್ಕದ ಬೀದಿಯ ಬೆಕ್ಕು ಮೀಸೆ ತಿರುವಿದ್ದು ಕೇಳಿಸಿತೇ ಹೊರತು ಪೆಟ್ಟಿಗೆ ಪಿಟ್ಟೆನ್ನಲಿಲ್ಲ.

"ಇದರ ಜೀವ ಓಗ್ಬುಟ್ಟದೆ ಅಮ್ಮಾವ್ರೇ," ಎಂದ, ಅನಂತರಾಜಯ್ಯನವರ ಹೆಂಡತಿ ರಾಜೀಮತಿಯವರಿಗೆ.

"ಬಂದ ದಿನದಿಂದ್ಲೂ ಅದು ಸದ್ದೇ ಮಾಡಿಲ್ವಲ್ಲಪ್ಪ. ಒಳಗೆ ಮಿಷನ್ನೇ ಇಲ್ಲ, ಎಲ್ಲ ದೀಪದ್ದೇ ಕೆಲಸ ಅಂದ್ರು ತಂದಿಟ್ಟೋರು."

ಊರೂರು ಮೆರೆದ ಕಿವಿಗಳೆರಡೂ ಕೆಂಪಾದವು. ಬೇರೆ ದಾರಿ ಕಾಣದೆ ಅವನು ಸ್ಪ್ಯಾನರು ಎತ್ತಿಕೊಂಡ. ಅಷ್ಟರಲ್ಲಿ ಹೊತ್ತು ಮುಳುಗಿತು. ರಾಜೀಮತಿಯವರು ಬಗ್ಗಿ, ಪೆಟ್ಟಿಗೆಯ ಬುಡದ ದೀಪವನ್ನು ಉಫ್ ಎಂದು ಊದಿ ಆರಿಸಿದರು.

"ಅಯ್ಯಯ್ಯೋ! ಯಾಕವ್ವಾ ಆರಿಸ್ಬುಟ್ರಿ?"

"ಕತ್ತಲಾದ ಮೇಲೆ ಹುಳ ಬಿದ್ದು ಸಾಯಲ್ವೇನಪ್ಪ? ನಾವು ಜೈನರು, ಆ ಪಾಪ ಯಾರಿಗೆ? ದಿನಾ ಆರಿಸ್ತೀನಿ, ಬೆಳಿಗ್ಗೆ ಹಚ್ತೀನಿ."

"ಯಜಮಾನ್ರಿಗೆ ಗೊತ್ತಾ?"

"ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ತಮ್ಮಯ್ಯ ಸ್ಪ್ಯಾನರನ್ನು ಕೆಳಗಿಟ್ಟು, ರವೆ ಜರಡಿಯೊಂದನ್ನು ಬೇಡಿದ. ಅದರ ತಂತಿ ಬಲೆಯನ್ನು ಕಿತ್ತು, ಬತ್ತಿಯ ಕರಿ ಕತ್ತರಿಸಿ ಮತ್ತೆ ಹಚ್ಚಿ, ಉರಿ ನೀಲಿಗೆ ತಿರುಗಿದ ಮೇಲೆ ದೀಪದ ಸುತ್ತ ಬಿಗಿದ. ಹಾತೆಗಳು ಬಂದವು, ಬಲೆಗೆ ಮೂತಿಯೊತ್ತಿ ನೋಡಿದವು, ಮುನಿಸಿಕೊಂಡು ಹಿಂದಿರುಗಿದವು. ರಾಜೀಮತಿಯವರು ತೃಪ್ತಿಯಿಂದ ತಲೆಯಾಡಿಸಿದರು, ದೀಪ ಆರಲಿಲ್ಲ.

ಮೇಸ್ತ್ರಿ ಬರುವ ಹೊತ್ತಿಗೆ ಪೆಟ್ಟಿಗೆಯೊಳಗೆ ಹಿಮಾಲಯ ಬೆಳೆದಿತ್ತು; ಬಾಗಿಲು ತೆರೆದರೆ ಎದುರುಮನೆಯವರು ಸೀನುತ್ತಿದ್ದರು. ನಡೆಯುತ್ತಿರುವ ಗಡಿಯಾರವನ್ನೂ ಬಿಚ್ಚಿ ನೋಡದಿದ್ದರೆ ಅನ್ನ ಸೇರದ ಆಸಾಮಿ ಮೇಸ್ತ್ರಿ. ಬಂದವರೇ ಪೆಟ್ಟಿಗೆಯ ಬೆನ್ನಿನ ತಿರುಪಿಗೆ ಕೈ ಹಾಕಿದರು. ರಾಜೀಮತಿಯವರು ತಡೆದು, ನಡೆದದ್ದನ್ನೆಲ್ಲ ಹೇಳಿದರು. ಮೇಸ್ತ್ರಿ ಹೊಟ್ಟೆ ಹಿಡಿದು ನಕ್ಕು, ಎರವಲು ಕೊಟ್ಟ ಸ್ಪ್ಯಾನರಿಗಾಗಿ ಕೈ ನೀಡಿದರು.

ಬಿಸಿ-ತಂಪಿನ ಕಸುಬಿನವರ ಕುಲವೇ ಹೀಗೆ. ಗೆದ್ದದ್ದು ಯಂತ್ರವನ್ನೋ ಮನೆಯವರ ಮನಸ್ಸನ್ನೋ ಅವರಿಗೇ ಸರಿಯಾಗಿ ತಿಳಿಯದು; ಆದರೆ ಗೆದ್ದ ಮೇಲೆ ಸೋತವರಂತೆ ನಿಲ್ಲುವುದು ಅವರ ಜಾಯಮಾನದಲ್ಲಿಲ್ಲ.

"ತತ್ತಾರ್ಲಾ ಸ್ಪ್ಯಾನರು!" ಎಂದರು ಮೇಸ್ತ್ರಿ. "ಪೆಟ್ಟಿಗೆ ಕೆಟ್ಟೇ ಇರ್ಲಿಲ್ಲ. ನೀನೇನ್ಲಾ ರಿಪೇರಿ ಮಾಡಿದ್ದು?"

ತಮ್ಮಯ್ಯ ಸ್ಪ್ಯಾನರನ್ನು ಕೋಟಿನ ಒಳಜೇಬಿಗೆ ಇಳಿಸಿದ.

"ಕೆಡದೇ ಇದ್ದುದ್ದ ಬಿಚ್ಚದೆ ಬುಟ್ಟಿವ್ನಿ ಮೇಸ್ತ್ರಿ. ಅದು ನಿಮ್ಮ ಕೈಲಿ ಯಾವತ್ತಾದ್ರೂ ಆಗಿದ್ದದಾ?"